ಒಂದು ಹಿಡಿಯೂ ಕಡಿಮೆಯಾಗದ ಹುರುಳಿ

"ಅಜ್ಜಾರೆ, ನಾನು ಅವರಿಗೆ ಏನು ಕಡಿಮೆ ಮಾಡಿದೆ?"

ಕೊಟ್ರಯ್ಯ ತನ್ನ ಗುರುಗಳನ್ನು ಹೀಗೆ ಕೇಳಿದ್ದು ಹಾಲಯ್ಯನವರು ಮಠ ಬಿಟ್ಟು ಹೋದ ಐದನೆಯ ದಿನ. ಹಾಲಯ್ಯನವರು ಆ ಮಠದಲ್ಲಿ ಮೂವತ್ತು ವರ್ಷ ಪುರಾಣ ಓದಿದವರು. ಸಂಜೆ ಅವರು ಓದಲು ಕುಳಿತರೆ ಸುತ್ತಲಿನ ನಾಲ್ಕು ಊರಿನ ಜನ ಬಂದು ಅಂಗಳದಲ್ಲಿ ಕೂರುತ್ತಿದ್ದರು. ಹೋದ ವರ್ಷ ಅವರ ಕಣ್ಣು ಮಂಜಾಯಿತು. ಆರು ತಿಂಗಳಲ್ಲಿ ಪೂರ್ತಿ ಹೋಯಿತು.

ಮಠದ ಉಸ್ತುವಾರಿ ಕೊಟ್ರಯ್ಯನದು. ಅವನು ಅಕ್ಷರ ಕಲಿತದ್ದು ಹಾಲಯ್ಯನವರ ಮುಂದೆ. ಕಣ್ಣು ಹೋಯಿತೆಂದು ಅವರ ಮರ್ಯಾದೆ ಹೋಗಬಾರದು ಎಂದು ಅವನು ಹಟ ಹಿಡಿದ. ಸಂಜೆಯಾದರೆ ಮೊದಲಿನಂತೆಯೇ ಅವರನ್ನು ಕೈಹಿಡಿದು ಕರೆತಂದು ಓದುವ ಮಣೆಯ ಮೇಲೆ ಕೂರಿಸುತ್ತಿದ್ದ. ಅವರ ಮುಂದೆ ಗ್ರಂಥ ತೆರೆದಿಡುತ್ತಿದ್ದ. ತಾನು ಅವರ ಹಿಂದೆ ಕುಳಿತು ಓದುತ್ತಿದ್ದ. ಓದು ಮುಗಿದ ಮೇಲೆ ಬಂದವರೆಲ್ಲ ಮೊದಲು ಹಾಲಯ್ಯನವರ ಪಾದ ಮುಟ್ಟಬೇಕು. ಹಾರವೂ ಅವರ ಕೊರಳಿಗೇ ಬೀಳಬೇಕು. ಯಾರಾದರೂ ಮರೆತು ಹಾಗೇ ಎದ್ದು ಹೊರಟರೆ ಕೊಟ್ರಯ್ಯ ಬಾಗಿಲಲ್ಲಿ ತಡೆದು ವಾಪಸು ಕಳಿಸುತ್ತಿದ್ದ.

ನಾಲ್ಕು ತಿಂಗಳು ಹೀಗೆ ನಡೆಯಿತು. ಒಂದು ಬೆಳಿಗ್ಗೆ ಹಾಲಯ್ಯನವರು ಯಾರದೋ ಗಾಡಿ ಹತ್ತಿ ತಂಗಿಯ ಊರಿಗೆ ಹೊರಟುಹೋದರು. ಕರೆಯಲು ಯಾರೂ ಬರಬೇಡಿ ಎಂದು ಗಾಡಿಯವನ ಕೈಯಲ್ಲಿ ಹೇಳಿಕಳಿಸಿದರು. ಅಂದಿನಿಂದ ಕೊಟ್ರಯ್ಯನಿಗೆ ಅನ್ನ ಸೇರುತ್ತಿರಲಿಲ್ಲ.

"ಒಂದು ತಪ್ಪು ತೋರಿಸಿ ಸಾಕು," ಎಂದ ಅವನು. "ಹೋಗಿ ಕಾಲಿಗೆ ಬಿದ್ದು ಕರೆದುಕೊಂಡು ಬರುತ್ತೇನೆ. ನಾನು ಹುಡುಕಿ ನೋಡಿದೆ. ಅವರಿಗೆ ಸಲ್ಲಬೇಕಾದ್ದರಲ್ಲಿ ಒಂದನ್ನೂ ನಾನು ಬಿಟ್ಟಿಲ್ಲ."

ಗುರುಗಳು ಅವನ ಕಡೆ ತಿರುಗಿದರು.

"ಕೊಟ್ರಯ್ಯ, ನೀನು ಉತ್ತರವನ್ನು ಜೊತೆಯಲ್ಲೇ ಕಟ್ಟಿಕೊಂಡು ಬಂದಿದ್ದೀಯ. 'ನೀನು ಏನೂ ಕಡಿಮೆ ಮಾಡಿಲ್ಲಪ್ಪ' ಎಂದು ನಾನು ಹೇಳಬೇಕು, ನೀನು ಹೋಗಿ ಊಟ ಮಾಡಬೇಕು. ಹಾಗೆ ಹೇಳುವವರು ಅಡುಗೆ ಮನೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನ ಹತ್ತಿರ ಇರುವುದು ಒಂದು ಕುದುರೆಯ ಕತೆ. ಅದನ್ನು ಹೇಳುವುದಕ್ಕೆ ನನಗೂ ಅಂಥ ಸಂತೋಷವೇನಿಲ್ಲ. ಕೂರು."

ಕೊಟ್ರಯ್ಯ ಕುಳಿತ. ಗುರುಗಳು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಬಳಿ ವ್ಯಾಪಾರಿ ಇದ್ದ. ವಾರಕ್ಕೆ ಐದು ಸಂತೆ ಮಾಡುತ್ತಿದ್ದ. ಕಂಬಳಿಯ ಗಾಡಿ ಹಿಂದಿನಿಂದ ನಿಧಾನವಾಗಿ ಬರುತ್ತಿತ್ತು. ವ್ಯಾಪಾರಿ ಕುದುರೆಯ ಮೇಲೆ ಮುಂದಾಗಿ ಹೋಗಿ ಸಂತೆಯಲ್ಲಿ ಮರದ ನೆರಳಿನ ಜಾಗ ಹಿಡಿಯುತ್ತಿದ್ದ. ನೆರಳು ಸಿಕ್ಕಿದವನ ಮುಂದೆ ಜನ ನಿಲ್ಲುತ್ತಾರೆ. ಬಿಸಿಲಲ್ಲಿ ಕೂತವನ ಕಂಬಳಿಯನ್ನು ಯಾರು ಮುಟ್ಟುತ್ತಾರೆ? ಹಾಗಾಗಿ ಅವನ ವ್ಯಾಪಾರವೆಲ್ಲ ಆ ಕುದುರೆಯ ನಾಲ್ಕು ಕಾಲಿನ ಮೇಲೆ ನಿಂತಿತ್ತು. ಅದೊಂದು ಕಂದು ಬಣ್ಣದ ಹೆಣ್ಣು ಕುದುರೆ. ಹೇಳಿಕೊಳ್ಳುವಂಥ ಎತ್ತರವೇನಿಲ್ಲ, ಆದರೆ ನಡಿಗೆ ಚೆನ್ನಾಗಿತ್ತು.

ಕುದುರೆ ನೋಡಿಕೊಳ್ಳಲು ಅವನು ಇಟ್ಟುಕೊಂಡ ಚಾಕರರು ಯಾರೂ ನಿಲ್ಲಲಿಲ್ಲ. ಎಲ್ಲರೂ ಹುರುಳಿ ಕದಿಯುವವರು. ಕುದುರೆಗೆ ಕೊಟ್ಟ ಹುರುಳಿ ಚಾಕರನ ಮನೆಯಲ್ಲಿ ಸಾರಾಗುವುದು ಎಲ್ಲ ಲಾಯಗಳಲ್ಲೂ ಇದ್ದದ್ದೇ. ವ್ಯಾಪಾರಿ ರೋಸಿಹೋಗಿ, ಕುದುರೆಯ ವಿಷಯ ತಿಳಿದವನು ಬೇಡ, ಕೈ ಶುದ್ಧವಾಗಿರುವವನು ಸಾಕು ಎಂದು ಒಬ್ಬನನ್ನು ಹುಡುಕಿದ. ಅವನು ಗಾಣದ ಮನೆಯಲ್ಲಿ ಎತ್ತು ಹೊಡೆದುಕೊಂಡಿದ್ದ ಆಳು. ಒಬ್ಬಂಟಿ. ಮಾತು ಕಡಿಮೆ. ಕುದುರೆಯನ್ನು ಹತ್ತಿರದಿಂದ ನೋಡಿದ್ದೂ ಅದೇ ಮೊದಲು.

ಅವನು ಮೊದಲು ಕುದುರೆಯನ್ನು ಎತ್ತು ಎಂದೇ ತಿಳಿದ. ಬೆಳಿಗ್ಗೆ ಒಂದು ಹೊರೆ ಹುಲ್ಲು, ಸಂಜೆ ಒಂದು ಹೊರೆ, ನಡುವೆ ಒಂದಷ್ಟು ಹಿಂಡಿ. ಎತ್ತಾದರೆ ಮಲಗಿ ಮೆಲುಕು ಹಾಕಿ ಅಷ್ಟರಲ್ಲೇ ಶಕ್ತಿ ತೆಗೆಯುತ್ತದೆ. ಕುದುರೆಗೆ ಮೆಲುಕು ಎಲ್ಲಿಂದ ಬರಬೇಕು? ತಿಂಗಳೊಳಗೆ ಅದರ ಹೊಟ್ಟೆ ಜೋತುಬಿತ್ತು, ಬೆನ್ನು ಒಣಗಿತು. ಮೊದಲ ದಿಬ್ಬದಲ್ಲೇ ಏದುಸಿರು ಬಿಡತೊಡಗಿತು. ವ್ಯಾಪಾರಿ ಇಳಿದು ಅದರ ಪಕ್ಕದಲ್ಲಿ ನಡೆಯಬೇಕಾಯಿತು. ಆ ವಾರ ಅವನು ಬಿಸಿಲಲ್ಲಿ ಕೂತ.

ಚಾಕರ ಹೆದರಿದ. ಹುರುಳಿಯನ್ನು ಹಸಿಯಾಗಿ ಬುಟ್ಟಿ ತುಂಬ ಇಟ್ಟ. ಕುದುರೆ ತಿಂದಿತು. ಮರುದಿನ ಲದ್ದಿಯಲ್ಲಿ ಕಾಳು ಇಟ್ಟ ಹಾಗೇ ಇಡಿಯಾಗಿ ಹೊರಗೆ ಬಂತು. ಅದೇ ದಿನ ಮಧ್ಯಾಹ್ನ ಕುದುರೆ ಹೊಟ್ಟೆನೋವಿನಿಂದ ನೆಲಕ್ಕೆ ಬಿದ್ದು ಹೊರಳಿತು. ಅವನು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅದು ಸುಧಾರಿಸಿಕೊಂಡ ಮೇಲೆ ಎದ್ದು, ಊರ ಹೊರಗೆ ಒಬ್ಬನೇ ಇದ್ದ ಮುದುಕ ರಾವುತನ ಗುಡಿಸಲಿಗೆ ಹೋದ. ಆ ರಾವುತ ಒಂದು ಕಾಲದಲ್ಲಿ ಯಾವುದೋ ಪಾಳೆಯಗಾರನ ಕುದುರೆ ಪಡೆಯಲ್ಲಿದ್ದವನು. ಈಗ ಸುತ್ತಲಿನ ಊರುಗಳ ಕುದುರೆಗಳಿಗೆ ಮದ್ದು ಮಾಡಿಕೊಂಡಿದ್ದ.

ರಾವುತ ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ದಿನಕ್ಕ ಎಷ್ಟು ದೂರ ನಡೀತೈತಿ?"

"ನಾಲ್ಕು ಹರದಾರಿ. ಹೋಗಿ ಬರೋದು ಸೇರಿ."

"ಹಂಗಾದ್ರ ಕೇಳು," ಎಂದು ರಾವುತ ಹೇಳಿಕೊಟ್ಟ. ದಿನಕ್ಕೆ ಮೂರು ಸೇರು ಹುರುಳಿ. ನೆನೆಸಬೇಕು, ಬೇಯಿಸಬೇಕು, ಆರಿಸಬೇಕು. ಒಂದೇ ಸಲ ಸುರಿಯಬಾರದು. ಕುದುರೆಯ ದೇಹ ದೊಡ್ಡದು, ಹೊಟ್ಟೆ ಚಿಕ್ಕದು. ಮೂರು ಹೊತ್ತಿಗೆ ಹಂಚಬೇಕು. ಮೊದಲು ನೀರು, ಆಮೇಲೆ ಹುಲ್ಲು, ಆಮೇಲೆ ಕಾಳು. ಕಾಳು ತಿಂದ ಕೂಡಲೇ ನೀರು ಬೇಡ. ಹುಲ್ಲು ಕುದುರೆಯ ಮುಂದೆ ಸದಾ ಇರಲಿ. ಬೂಸ ಒಂದು ಸೇರು, ಉಪ್ಪು ಒಂದು ಹಿಡಿ.

ಚಾಕರ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದ. ರಾವುತ ಕೊಟ್ಟ ಅಳತೆಯನ್ನು ನೆನಪಿಟ್ಟುಕೊಂಡ, ಕೇಳಿದ ಪ್ರಶ್ನೆಯನ್ನು ಮರೆತ. ನಗಬೇಡ ಕೊಟ್ರಯ್ಯ. ಮಠದಲ್ಲಿ ನಾನು ಹೇಳಿದ್ದನ್ನೂ ನೀವೆಲ್ಲ ಹಾಗೆಯೇ ನೆನಪಿಟ್ಟುಕೊಳ್ಳುತ್ತೀರಿ.

ಆದರೂ ಆ ಮನುಷ್ಯ ಬರೀ ಹೇಳಿದ್ದನ್ನು ಮಾಡುವವನಲ್ಲ. ಎರಡು ವರ್ಷ ಅವನು ಆ ಅಳತೆಯ ಮೇಲೆ ದುಡಿದ. ದಿನಾ ಬೆಳಿಗ್ಗೆ ಲದ್ದಿಯನ್ನು ಕೈಯಿಂದ ಒಡೆದು ನೋಡುತ್ತಿದ್ದ. ಕಾಳು ಕಂಡರೆ ಇನ್ನಷ್ಟು ಬೇಯಿಸಬೇಕು ಎಂದು ಅರ್ಥ. ತೀರ ಸಡಿಲವಾಗಿದ್ದರೆ ಬೂಸ ತಗ್ಗಿಸುತ್ತಿದ್ದ. ಪಕ್ಕೆಲುಬಿನ ಮೇಲೆ ಅಂಗೈ ಆಡಿಸುತ್ತಿದ್ದ; ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಬೇಸಿಗೆಯಲ್ಲಿ ಬೆವರು ಹೆಚ್ಚು ಎಂದು ಉಪ್ಪನ್ನು ಒಂದೂವರೆ ಹಿಡಿ ಮಾಡಿದ. ಮಳೆಗಾಲದ ಹಸಿ ಹುಲ್ಲನ್ನು ತಂದ ಕೂಡಲೇ ಹಾಕದೆ ಒಂದು ದಿನ ಬಾಡಿಸಿ ಒಣಹುಲ್ಲಿಗೆ ಬೆರೆಸಿ ಹಾಕಿದ. ಗರಿಕೆಯನ್ನು ಬೇರಿನ ಮಣ್ಣು ಹೋಗುವ ತನಕ ಕೋಲಿನಿಂದ ಬಡಿಯುತ್ತಿದ್ದ. ಮಣ್ಣು ಹೊಟ್ಟೆಗೆ ಹೋದರೆ ಶೂಲೆ ಬರುತ್ತದೆ ಎಂಬುದು ಅವನೇ ಕಂಡುಕೊಂಡದ್ದು.

ಎರಡನೆಯ ವರ್ಷದ ಕೊನೆಗೆ ಕುದುರೆಯ ಮೈ ಎಣ್ಣೆ ಹಚ್ಚಿದ ಬಾಗಿಲಿನ ಹಾಗೆ ಹೊಳೆಯುತ್ತಿತ್ತು. ವ್ಯಾಪಾರಿಗೆ ಪ್ರತಿ ಸಂತೆಯಲ್ಲೂ ನೆರಳು ಸಿಕ್ಕಿತು. ಬೇರೆ ಊರಿನ ಕುದುರೆಯವರು ಬಂದು, ಏನು ಹಾಕುತ್ತೀಯಪ್ಪ ಎಂದು ಚಾಕರನನ್ನು ಕೇಳುವಂತಾಯಿತು. ಅವನು ಮುಚ್ಚಿಡದೆ ಹೇಳುತ್ತಿದ್ದ. ಒಂದು ಹಿಡಿ ಹುರುಳಿಯನ್ನೂ ಅವನು ಮನೆಗೆ ಒಯ್ಯಲಿಲ್ಲ. ಅವನ ಮನೆಯಲ್ಲಿ ಹುರುಳಿ ಸಾರು ಕುದಿಯಲೇ ಇಲ್ಲ. ಇಷ್ಟೂ ನಿಜ. ಅವನನ್ನು ಮೂರ್ಖ ಎಂದು ತಿಳಿಯಬೇಡ ಎಂದೇ ಇದನ್ನೆಲ್ಲ ಹೇಳಿದೆ.

ಮೂರನೆಯ ವರ್ಷ ವ್ಯಾಪಾರಿ ತನ್ನದೇ ಉಗ್ರಾಣದ ಮೆಟ್ಟಿಲಲ್ಲಿ ಜಾರಿ ಬಿದ್ದ. ತೊಡೆಯ ಎಲುಬು ಮುರಿಯಿತು. ಎಲುಬು ಕಟ್ಟುವವನು ಬಿದಿರಿನ ಸೀಳು ಇಟ್ಟು ಬಿಗಿದು, ಮೂರು ತಿಂಗಳು ಹಾಸಿಗೆ ಬಿಟ್ಟು ಏಳಕೂಡದು ಎಂದ. ಸಂತೆಗಳಿಗೆ ಅವನ ಭಾಮೈದ ಗಾಡಿಯಲ್ಲಿ ಹೋಗಿ ಬಂದ. ಅವನಿಗೆ ಕುದುರೆ ಏರಲು ಬರುತ್ತಿರಲಿಲ್ಲ. ಕುದುರೆ ಲಾಯದಲ್ಲಿ ನಿಂತಿತು.

ಚಾಕರ ಆ ದಿನವೂ ಮೂರು ಸೇರು ಹುರುಳಿ ಬೇಯಿಸಿದ. ಮರುದಿನವೂ ಬೇಯಿಸಿದ. ಮೂರು ಹೊತ್ತು, ಅದೇ ಅಳತೆ.

ವಾರ ಕಳೆಯಿತು. ವ್ಯಾಪಾರಿಯ ಹೆಂಡತಿ ಲಾಯಕ್ಕೆ ಬಂದಳು. ಒಳ್ಳೆಯ ಹೆಂಗಸು. ಕೈಬಿಗಿ ಮಾಡುವವಳಲ್ಲ. ಅವಳ ತವರಿನಲ್ಲೂ ಕುದುರೆ ಇತ್ತು.

"ಸುಮ್ನ ನಿಂತ ಕುದುರಿಗೆ ಇಷ್ಟೊಂದು ಹುರುಳಿ ಯಾಕಪ್ಪಾ? ಒಂದೀಟು ಕಡಿಮಿ ಮಾಡಬಾರದಾ?" ಎಂದಳು.

ಚಾಕರನ ಮುಖ ಕಪ್ಪಿಟ್ಟಿತು. ಅಷ್ಟು ವರ್ಷದಲ್ಲಿ ಅವನು ಆ ಮನೆಯವರಿಗೆ ಎದುರಾಡಿದವನಲ್ಲ. ಅಂದು ಆಡಿದ.

"ಬೇಕಾದ್ರ ನನ್ನ ಗಂಗಾಳ ಬೋರಲು ಹಾಕ್ರಿ ಅವ್ವಾರೆ. ಅದರದ್ದು ಬ್ಯಾಡ."

ಅವಳಿಗೆ ಆ ಮಾತಿನ ಅರ್ಥ ಪೂರ್ತಿ ಆಗಲಿಲ್ಲ. ಆದರೆ ಒಂದು ಮೂಕ ಪ್ರಾಣಿಯ ಬಾಯಿಂದ ಕಿತ್ತುಕೊಳ್ಳಲು ಬಂದವಳಂತೆ ಅವಳಿಗೇ ನಾಚಿಕೆಯಾಯಿತು. ಮತ್ತೆ ಲಾಯದ ಕಡೆ ತಲೆಹಾಕಲಿಲ್ಲ.

ಅರ್ಥ ಇಷ್ಟು. ಅವನು ಮೊದಲಿದ್ದ ಗಾಣದ ಮನೆಯಲ್ಲಿ ಒಂದು ಪದ್ಧತಿ ಇತ್ತು. ಆಳುಗಳು ಉಣ್ಣುವ ಗಂಗಾಳಗಳನ್ನು ಹಿತ್ತಿಲ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಆ ದಿನ ದುಡಿದವನ ಗಂಗಾಳ ನೆಟ್ಟಗೆ, ದುಡಿಯದವನದು ಬೋರಲು. ಬಡಿಸುವವಳು ಮುಖ ನೋಡುತ್ತಿರಲಿಲ್ಲ, ಗಂಗಾಳ ನೋಡಿ ಬಡಿಸುತ್ತಿದ್ದಳು. ಒಂದು ಸಲ ಅವನಿಗೆ ಜ್ವರ ಬಂತು. ಹನ್ನೊಂದು ದಿನ ಏಳಲಾಗಲಿಲ್ಲ. ಹನ್ನೊಂದು ದಿನವೂ ಅವನ ಗಂಗಾಳ ಬೋರಲಾಗಿತ್ತು. ಜೊತೆಯ ಆಳುಗಳು ತಮ್ಮ ಮುದ್ದೆಯಲ್ಲಿ ಒಂದೊಂದು ತುತ್ತು ಮುರಿದು ತಂದುಕೊಟ್ಟಿದ್ದರಿಂದ ಬದುಕಿದ. ಜ್ವರ ಬಿಟ್ಟಿತು, ಆ ಬೋರಲು ಗಂಗಾಳ ಕಣ್ಣಿನಿಂದ ಹೋಗಲಿಲ್ಲ. ದುಡಿಮೆ ಇಲ್ಲವೆಂದು ಯಾರ ತುತ್ತನ್ನೂ ನಾನು ಕಡಿಯಲಾರೆ ಎಂದು ಅವನು ಆಗ ಮನಸ್ಸಿನಲ್ಲಿ ಅಂದುಕೊಂಡಿದ್ದ.

ಅಂದುಕೊಂಡದ್ದರಲ್ಲಿ ತಪ್ಪು ಹುಡುಕುವುದು ನನ್ನಿಂದಾಗದು. ಅಷ್ಟು ಒಳ್ಳೆಯ ಮಾತನ್ನು ನಾನು ಈ ಮಠದಲ್ಲಿ ಕುಳಿತು ಒಮ್ಮೆಯಾದರೂ ಆಡಿದ್ದೇನೋ ಇಲ್ಲವೋ ನನಗೆ ಗೊತ್ತಿಲ್ಲ.

ಕುದುರೆ ನಿಂತಲ್ಲೇ ನಿಂತು ತಿಂದಿತು. ಮೊದಲ ಹದಿನೈದು ದಿನ ಮೈಯಲ್ಲಿ ಕಸುವು ಹೆಚ್ಚಾಗಿ ಅದು ಗೋಡೆಗೆ ಒದೆಯುತ್ತಿತ್ತು. ಒಡೆಯನಿಲ್ಲದ ಬೇಸರ ಎಂದು ಚಾಕರ ತಿಳಿದ. ಆಮೇಲೆ ಬೆಳಿಗ್ಗೆ ನೋಡಿದರೆ ಹಿಂಗಾಲು ಬಾತಿರುತ್ತಿದ್ದವು. ನಿಂತು ನಿಂತು ಹೀಗಾಗಿದೆ ಎಂದು ಬಿಸಿನೀರು ಹಾಕಿ ತಿಕ್ಕಿದ. ಕತ್ತಿನ ಮೇಲೆ, ಜೂಲಿನ ಬುಡದಲ್ಲಿ, ಕೊಬ್ಬು ದಿಂಡಿನಂತೆ ಏರಿತು. ಪಕ್ಕೆಲುಬು ಕೈಗೆ ಸಿಗುತ್ತಿರಲಿಲ್ಲ. ನೋಡಿದವರೆಲ್ಲ, ಕುದುರೆ ಎಷ್ಟು ಮೈತುಂಬಿಕೊಂಡಿದೆ ಎಂದರು. ಚಾಕರ ಆ ಮಾತನ್ನು ಕೇಳಿ ಹಿಗ್ಗಿದ. ಎರಡು ವರ್ಷ ತನ್ನ ಕೈಯನ್ನು ನಂಬಿದವನು ಆಗ ಜನರ ಬಾಯನ್ನು ನಂಬಿದ.

ಎರಡನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಕುದುರೆ ಕಾಳನ್ನು ಅರ್ಧಕ್ಕೆ ಬಿಟ್ಟಿತು. ಬುಟ್ಟಿಯಿಂದ ಮುಖ ತಿರುಗಿಸಿ ಒಣಹುಲ್ಲಿನ ಕಡೆ ಹೋಯಿತು. ಚಾಕರ ಬುಟ್ಟಿಯನ್ನು ಮತ್ತೆ ಅದರ ಬಾಯಿಯ ಹತ್ತಿರ ಹಿಡಿದ. ಒಡೆಯನನ್ನು ನೆನೆದು ಅನ್ನ ಬಿಡುತ್ತಿದೆ ಎಂದುಕೊಂಡ. ಬೆಲ್ಲ ಕುಟ್ಟಿ ಹುರುಳಿಗೆ ಕಲಸಿ ಕೈಯಿಂದ ತಿನ್ನಿಸಿದ. "ತಿನ್ನು ತಾಯಿ, ನಿನಗ್ಯಾಕ ಸಂಕೋಚ," ಎಂದ. ಬೆಲ್ಲದ ರುಚಿಗೆ ಕುದುರೆ ತಿಂದಿತು. ಆ ದಿನದಿಂದ ಮೂರು ಹೊತ್ತೂ ಬೆಲ್ಲ ಹಾಕಿದ. ತನ್ನ ಪಾಲಿನ ಬೆಲ್ಲವನ್ನೇ ಹಾಕಿದ.

ನಾನು ಈ ಕತೆಯನ್ನು ಹೇಳುವಾಗಲೆಲ್ಲ ಇಲ್ಲಿಗೆ ಬಂದು ನಿಲ್ಲುತ್ತೇನೆ. ಆ ಬೆಳಿಗ್ಗೆ ಅವನು ಸುಮ್ಮನೆ ಬುಟ್ಟಿ ತೆಗೆದಿದ್ದರೆ ಸಾಕಿತ್ತು. ಏನನ್ನೂ ತಿಳಿಯಬೇಕಿರಲಿಲ್ಲ, ಯಾರನ್ನೂ ಕೇಳಬೇಕಿರಲಿಲ್ಲ. ಬುಟ್ಟಿ ತೆಗೆದು ಹುಲ್ಲು ಹಾಕಿದ್ದರೆ ಈ ಕತೆ ಹೇಳುವ ಕೆಲಸ ನನಗಿರುತ್ತಿರಲಿಲ್ಲ.

ಬೆಲ್ಲ ಹಾಕತೊಡಗಿದ ಒಂಬತ್ತನೆಯ ದಿನ ಕುದುರೆ ಜಾಗ ಬಿಟ್ಟು ಕದಲಲಿಲ್ಲ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಹಿಂದಕ್ಕೆ ವಾಲಿ ನಿಂತಿತ್ತು. ನೆಲವೇ ಕೆಂಡವಾಗಿದೆಯೇನೋ ಅನ್ನುವಂತೆ. ಮೈ ನಡುಗುತ್ತಿತ್ತು. ಚಾಕರ ಹಗ್ಗ ಹಿಡಿದು ಎಳೆದ. ಒಂದು ಹೆಜ್ಜೆ ಇಟ್ಟು ನರಳಿತು. ಅವನು ಓಡಿಹೋಗಿ ರಾವುತನನ್ನು ಕರೆತಂದ.

ರಾವುತ ಬಾಗಿಲಲ್ಲಿ ನಿಂತು ನೋಡಿದ. ಒಳಗೆ ಬಂದು ಮುಂಗಾಲಿನ ಗೊರಸಿನ ಮೇಲೆ ಅಂಗೈ ಇಟ್ಟ. ಗೊರಸು ಸುಡುತ್ತಿತ್ತು. ಗೊರಸಿನ ಮೇಲಿನ ನರ ಬೆರಳಿಗೆ ಬಡಿಯುತ್ತಿತ್ತು. ಅವನು ಎದ್ದು ನಿಲ್ಲದೆ, ಕೂತಲ್ಲಿಂದಲೇ ಕೇಳಿದ.

"ಕುದುರಿ ನಿಂತು ಎಷ್ಟು ದಿನ ಆತು?"

"ಎರಡು ತಿಂಗಳಾತು."

"ಹುರುಳಿ ಎಷ್ಟು ಕಡಿಮಿ ಮಾಡಿದ್ದಿ?"

"ಒಂದು ಹಿಡಿನೂ ಕಡಿಮಿ ಮಾಡಿಲ್ಲ," ಎಂದ ಚಾಕರ. ಅದನ್ನು ಅವನು ಸಮರ್ಥಿಸಿಕೊಳ್ಳುವವನಂತೆ ಹೇಳಲಿಲ್ಲ. ತನ್ನ ಕಡೆಯಿಂದ ಏನೂ ಲೋಪವಾಗಿಲ್ಲ, ಬೇರೆ ಯಾವುದಾದರೂ ಕಾರಣ ಹುಡುಕು ಎಂಬಂತೆ ಹೇಳಿದ.

ರಾವುತ ತಲೆ ತಗ್ಗಿಸಿದ. ಆಮೇಲೆ ನಿಧಾನವಾಗಿ ವಿವರಿಸಿದ. ಹುರುಳಿ ನಡೆಯುವ ಕಾಲಿಗೆ ಕೊಡುವುದು. ನಾಲ್ಕು ಹರದಾರಿ ನಡೆದರೆ ಅದು ಬೆವರಾಗಿ, ಉಸಿರಾಗಿ ಹೊರಗೆ ಹೋಗುತ್ತದೆ. ನಿಂತ ಕುದುರೆಯಲ್ಲಿ ಹೋಗಲು ದಾರಿಯಿಲ್ಲದೆ ರಕ್ತ ಕೆಡುತ್ತದೆ, ಕೆಟ್ಟ ರಕ್ತ ಗೊರಸಿಗೆ ಇಳಿಯುತ್ತದೆ. ಕುದುರೆ ನಿಂತ ದಿನವೇ ಹುರುಳಿ ಅರ್ಧ ಮಾಡಬೇಕಿತ್ತು. ಮೂರನೆಯ ದಿನಕ್ಕೆ ಒಂದು ಬೊಗಸೆಗೆ ಇಳಿಸಬೇಕಿತ್ತು. ಹೊಟ್ಟೆ ತುಂಬಲು ಹಳೆಯ ಒಣಹುಲ್ಲು, ಬೇಕಾದಷ್ಟು ನೀರು, ಉಪ್ಪು. ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ಕೆರೆಯ ತನಕ ನಡೆಸಿಕೊಂಡು ಬಂದಿದ್ದರೆ ಮುಗಿಯುತ್ತಿತ್ತು.

"ಅದು ಹಸಿದಿರ್ತಿತ್ತಲ್ಲ," ಎಂದ ಚಾಕರ. ಹನ್ನೊಂದು ದಿನದ ಗಂಗಾಳದ ವಿಷಯ ಹೇಳಿದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ರಾವುತನ ಕೈ ಇನ್ನೂ ಕುದುರೆಯ ಕಾಲಿನ ಮೇಲೇ ಇತ್ತು.

"ಅದು ನಿನ್ನ ಹಸಿವಪ್ಪಾ," ಎಂದ. "ಇದರದ್ದಲ್ಲ."

ಕುದುರೆಯನ್ನು ತಣ್ಣನೆಯ ಕೆಸರಿನಲ್ಲಿ ನಿಲ್ಲಿಸಿದರು. ರಾವುತ ಗೊರಸಿನ ಅಂಚು ಕೆತ್ತಿದ, ಮದ್ದು ಕಟ್ಟಿದ. ಪ್ರಾಣ ಉಳಿಯಿತು. ಗೊರಸಿನೊಳಗಿನ ಎಲುಬು ಮಾತ್ರ ಜಾಗ ಬಿಟ್ಟು ಜಾರಿತ್ತು. ಅದನ್ನು ಕೂರಿಸುವ ಕೈ ಯಾರಿಗೂ ಇಲ್ಲ. ಮನುಷ್ಯನ ತೊಡೆ ಮುರಿದರೆ ಬಿದಿರು ಕಟ್ಟಬಹುದು. ವ್ಯಾಪಾರಿಯ ಕಾಲು ಮೂರು ತಿಂಗಳಿಗೆ ಸರಿಯಾಗಿ ಕೂಡಿತು.

ಅವನು ಕೋಲು ಹಿಡಿದು ಲಾಯಕ್ಕೆ ಬಂದ ದಿನ ಕುದುರೆ ಅವನ ಸದ್ದು ಕೇಳಿ ಏಳಲು ನೋಡಿತು. ಮೂರು ಸಲ ಪ್ರಯತ್ನ ಮಾಡಿ ಎದ್ದಿತು. ಅವನ ಕಡೆ ಎರಡು ಹೆಜ್ಜೆ ಇಟ್ಟಿತು. ಅವನೇ ಮುಂದೆ ಹೋಗಿ, ಬೇಡ ಎಂದು ಅದರ ಕತ್ತು ಹಿಡಿದ. ಚಾಕರ ಕಾಲಿಗೆ ಬಿದ್ದು, ನನ್ನನ್ನು ಓಡಿಸಿ ಎಂದ. ಬೈಯಿರಿ, ಹೊಡೆಯಿರಿ ಎಂದ. ವ್ಯಾಪಾರಿ ಬೈಯಲಿಲ್ಲ. ಎಲ್ಲ ವಿಷಯವನ್ನೂ ಅವನಿಗೆ ಹೆಂಡತಿ ಹೇಳಿದ್ದಳು.

"ನೀನೂ ಉಳಿದವರ ಹಂಗ ಕಳ್ಳನಾಗಿದ್ರ," ಎಂದ ಅವನು, "ಇದು ಇವತ್ತು ನಡೀತಿತ್ತು."

ತಮಾಷೆಯಂತೆ ಆಡಲು ಹೋದ ಮಾತು. ಆಡಿ ಮುಗಿಸುವುದರೊಳಗೆ ಅವನ ಕಣ್ಣು ತುಂಬಿತು. ಚಾಕರನಿಗೆ ಏಟು ಬಿದ್ದಿದ್ದರೆ ಒಂದಲ್ಲ ಒಂದು ದಿನ ಮರೆತುಹೋಗುತ್ತಿತ್ತು. ಆ ಮಾತು ಮರೆತುಹೋಗಲಿಲ್ಲ.

ವ್ಯಾಪಾರಿ ಅವನನ್ನು ಓಡಿಸಲಿಲ್ಲ. ಬೇರೆ ಕುದುರೆ ತರುವ ಮನಸ್ಸೂ ಮಾಡಲಿಲ್ಲ. ಗಾಡಿಯಲ್ಲೇ ಸಂತೆಗೆ ಹೋಗುತ್ತ, ಸಿಕ್ಕ ಜಾಗದಲ್ಲಿ ಕೂರುತ್ತಿದ್ದ. ಚಾಕರ ಲಾಯದ ನೆಲಕ್ಕೆ ಹೊಳೆಯ ಮರಳು ಹೊತ್ತು ತಂದು ಮೊಣಕಾಲುದ್ದ ಹಾಸಿದ. ಅದರ ಮೇಲೆ ಕುದುರೆ ಹೆಚ್ಚು ಹೊತ್ತು ಮಲಗಿರುತ್ತಿತ್ತು. ಇನ್ನು ಮುಂದೆ ಅದಕ್ಕೆ ಕಾಳಿಲ್ಲ, ಬೆಲ್ಲವಿಲ್ಲ, ಹಸಿ ಹುಲ್ಲೂ ಇಲ್ಲ. ತೂಗಿ ಕೊಟ್ಟ ಒಣಹುಲ್ಲು ಮಾತ್ರ. ಈಗ ಅದಕ್ಕೆ ನಿಜವಾಗಿಯೂ ಆಸೆಯಾಗುತ್ತಿತ್ತು. ಬೇರೆ ಯಾರದೋ ಮನೆಯಲ್ಲಿ ಹುರುಳಿ ಬೇಯುವ ವಾಸನೆ ಬಂದರೆ ಕಿವಿ ನಿಗುರಿಸಿ ಚಾಕರನ ಮುಖ ನೋಡುತ್ತಿತ್ತು. ಅವನು ಎದ್ದು ಹೊರಗೆ ಹೋಗುತ್ತಿದ್ದ. ಯಾರ ತುತ್ತನ್ನೂ ಕಡಿಯಲಾರೆ ಎಂದವನು ಆ ಕುದುರೆಯ ತುತ್ತನ್ನು ದಿನಾ ಮೂರು ಹೊತ್ತು ಕಡಿಯಬೇಕಾಯಿತು. ಹಾಗೆ ನಾಲ್ಕು ವರ್ಷ. ಐದನೆಯ ವರ್ಷದ ಬೇಸಿಗೆಯಲ್ಲಿ ಕುದುರೆ ಮಲಗಿದ್ದು ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರಯ್ಯ ನೆಲ ನೋಡುತ್ತ ಕೂತಿದ್ದ. ಒಪ್ಪದವನಂತೆ, "ಹಾಗಾದರೆ ನಾನು ಮರ್ಯಾದೆ ಕೊಟ್ಟದ್ದೇ ತಪ್ಪಾಯಿತೇ?" ಎಂದ.

"ಹುರುಳಿ ಕೆಟ್ಟದ್ದು ಎಂದು ನಾನೆಲ್ಲಿ ಹೇಳಿದೆ?" ಎಂದರು ಗುರುಗಳು. "ಮೂವತ್ತು ವರ್ಷ ಅವರಿಗೆ ಬಿದ್ದ ನಮಸ್ಕಾರವೆಲ್ಲ ಓದುತ್ತಿದ್ದ ಹಾಲಯ್ಯನವರಿಗೆ. ಓದಿದರು, ಪಡೆದರು, ದಕ್ಕಿಸಿಕೊಂಡರು. ಓದದೆ ಕೂತವರ ಮೇಲೆ ನೀನು ಅದೇ ಅಳತೆಯಲ್ಲಿ ಸುರಿದೆ. ಅವರು ಅದನ್ನು ಎಲ್ಲಿಗೆ ಕಳಿಸಬೇಕು?"

ಕೊಟ್ರಯ್ಯನಿಗೆ ಒಂದು ಮಾತು ನೆನಪಾಯಿತು.

"ಒಂದು ದಿನ ಅವರು ನನ್ನನ್ನು ಕರೆದು ಹತ್ತಿ ಕೇಳಿದ್ದರು ಅಜ್ಜಾರೆ. 'ಕೊಟ್ರಾ, ಒಂದೀಟು ಹತ್ತಿ ತಂದುಕೊಡು, ದೀಪದ ಬತ್ತಿ ಹೊಸೀತೀನಿ. ಕಣ್ಣು ಹೋದ್ರೂ ಕೈ ನೆಟ್ಟಗದಾವಲ್ಲ' ಅಂದರು. ನಾನು ನಕ್ಕೆ. 'ನೀವು ಬತ್ತಿ ಹೊಸಿಯೋದಾ, ಕಂಡವರು ಏನಂದಾರು' ಅಂದೆ. ಒಂದು ತಿಂಗಳು ಬಿಟ್ಟು ಮತ್ತೆ ಕೇಳಿದರು. ಆಗಲೂ ಕೊಡಲಿಲ್ಲ. ಮೂರನೆಯ ಸಲ ಕೇಳಿದ ದಿನ..."

"ಮೂರನೆಯ ಸಲ?"

"ಜನರ ಮುಂದೆ ಕೂರಿಸಿ ಹೊಸ ಶಾಲು ಹೊದಿಸಿದೆ. ಅದಾದ ಮರುದಿನವೇ ಹೋದರು."

ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಗುರುಗಳು ಅವನನ್ನು ಸಮಾಧಾನ ಮಾಡಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು, ಮೆಲ್ಲಗೆ ಹೇಳಿದರು:

"ಆ ಚಾಕರನಿಗೆ ಒಂದು ನೆಪವಾದರೂ ಇತ್ತಪ್ಪ, ಕುದುರೆಗೆ ಮಾತು ಬರುವುದಿಲ್ಲ."